ಗಾಳಿಯಿಲ್ಲದ ದಿನದ ಅಲೆ

ಆ ದಿನದ ಫಜೀತಿಗೆಲ್ಲ ಕಾರಣ, ಗಾಳಿ ಬೀಸದೇ ಇದ್ದದ್ದು.

ದ್ವೀಪದ ದೋಣಿಕಟ್ಟೆಯ ಮೇಲೆ ಒಂದು ಕಪ್ಪು ಹಲಗೆ. ಸಮುದ್ರ ‘ಶಾಂತ’ವೋ, ‘ಸಾಧಾರಣ’ವೋ, ‘ಒರಟೋ’ ಎಂದು ದಿನಾ ಬೆಳಗ್ಗೆ ಅದರ ಮೇಲೆ ಬರೆದು, ಆಚೆ ದಡಕ್ಕೆ ಫೋನ್ ಮಾಡಿ ತಿಳಿಸುವುದು ಅಲೆ ಗುಮಾಸ್ತನ ಕೆಲಸ. ‘ಒರಟು’ ಎಂದರೆ ಅಲ್ಲಿಂದ ಲಾಂಚು ಹೊರಡುವಂತಿಲ್ಲ, ಇಲ್ಲಿಂದ ಮೀನುದೋಣಿಗಳೂ ಹೊರಡುವಂತಿಲ್ಲ.

ಅಂದು ನೀರಿನ ಮೇಲೆ ಒಂದು ಸುಕ್ಕೂ ಇರಲಿಲ್ಲ. ಆದರೂ ಕಟ್ಟಿದ್ದ ದೋಣಿಗಳು ಉಂಡು ಮಲಗಿದ ಮಾವನ ಹೊಟ್ಟೆಯಂತೆ ನಿಧಾನವಾಗಿ ಏರಿ ಇಳಿಯುತ್ತಿದ್ದವು. ಗುಮಾಸ್ತ ಗಡಿಯಾರ ಹಿಡಿದು ಎಣಿಸಿದ. ಅಲೆಯಿಂದ ಅಲೆಗೆ ಹದಿನಾಲ್ಕು ಸೆಕೆಂಡು. ಇಲ್ಲಿನ ಗಾಳಿ ಎಬ್ಬಿಸಿದ್ದರೆ ಐದಾರಕ್ಕೊಂದು ಬರಬೇಕಿತ್ತು.

“ಇದು ಇಲ್ಲಿ ಹುಟ್ಟಿದ್ದಲ್ಲ,” ಎಂದ. “ಸಾವಿರ ಮೈಲಿ ಆಚೆ ಎಲ್ಲೋ ಬಿರುಗಾಳಿ ಎದ್ದಿದೆ. ಅಲ್ಲಿಂದ ಬಂದಿದೆ.”

“ಟಿಕೆಟ್ ತಗೊಂಡು ಬಂತೇನೋ,” ಎಂದ ಲಾಂಚಿನ ಏಜೆಂಟ್. “ಒಂದು ಎಲೆ ಅಲ್ಲಾಡ್ತಿಲ್ಲ. ಆ ದಡದಲ್ಲಿ ಅರವತ್ತು ಜನ ಕಾಯ್ತಿದಾರೆ. ‘ಶಾಂತ’ ಅಂತ ಬರಿಯಪ್ಪ.”

“‘ಒರಟು’ ಅಂತ ಬರಿ ಮಗ,” ಎಂದಳು ಬಲೆ ಹೊಲಿಯುವ ಅಜ್ಜಿ. “ದೋಣಿಗಳು ದಡದಲ್ಲೇ ಉಳಿದ್ರೆ ನಾಲ್ಕು ಹರಕು ಬಲೆಯಾದ್ರೂ ನನ್ನ ಹತ್ರ ಬರ್ತವೆ.”

ಕ್ಷೌರದಂಗಡಿಯಿಂದ ಗುಮಾಸ್ತನ ಅಕ್ಕನ ಗಂಡ ಇಣುಕಿದ. “ಎರಡೂ ಬೇಡ, ‘ಸಾಧಾರಣ’ ಅಂದ್ಬಿಡು. ನಿಮ್ಮಕ್ಕನ ಅಡುಗೆಗೆ ಹತ್ತು ವರ್ಷದಿಂದ ನಾನು ಹೇಳ್ತಿರೋದು ಅದನ್ನೇ.”

ಗುಮಾಸ್ತ ಯಾರ ಮಾತಿಗೂ ಕಿವಿಗೊಡದೆ, ನೀರಿನಲ್ಲಿ ನೆಟ್ಟ ಅಳತೆಯ ಕಂಬ ನೋಡಲು ಮೆಟ್ಟಿಲಿಳಿದ. ಮೊದಲ ಅಲೆ ಮೊಣಕಾಲಿಗೆ ಬಂತು. ಎರಡನೆಯದು ಸೊಂಟಕ್ಕೆ. ಮೂರನೆಯದು ಚಪ್ಪಲಿ, ಕನ್ನಡಕ ಎರಡನ್ನೂ ಕೊಂಡೊಯ್ದಿತು. ಏಜೆಂಟನೂ ಭಾವನೂ ಕಾಲರು ಹಿಡಿದು ಮೇಲೆಳೆದಾಗ ಅವನು ತೊಯ್ದ ಕೋಳಿಯಂತೆ ನಡುಗುತ್ತಿದ್ದ. ಮುಖ ಮಾತ್ರ ಅರಳಿತ್ತು.

“ಎರಡೂವರೆ ಮೀಟರಿನ ಮೇಲೆ ಒಂದು ಬೆರಳು,” ಎಂದ. ಎರಡೂವರೆ ದಾಟಿದರೆ ‘ಒರಟು’. ಹಾಗೆಂದೇ ಬರೆದ, ಫೋನೂ ಮಾಡಿದ. ಏಜೆಂಟ್ ಮಧ್ಯಾಹ್ನದವರೆಗೂ ಬೈದ.

ಆಗ ಆಚೆ ದಡದಿಂದ ಮೇಲಧಿಕಾರಿಯ ಫೋನ್ ಬಂತು.

“ಬೆಳಗ್ಗೆಯಿಂದ ಇಲ್ಲೇ ನಿಂತು ಅಲೆ ನೋಡ್ತಿದೀನಿ. ಉಳಿದ ಕಟ್ಟೆಯೋರೆಲ್ಲ ‘ಶಾಂತ’ ಅಂತ ಕಣ್ಮುಚ್ಚಿ ಬರೆದಿದಾರೆ. ಸರಿಯಾಗಿ ಅಳೆದಿರೋದು ನೀವೊಬ್ರೇ.”

ಒದ್ದೆ ಅಂಗಿಯೊಳಗೇ ಗುಮಾಸ್ತನ ಎದೆ ಉಬ್ಬಿತು.

“ನಿಮ್ಮ ಕೆಲಸ ಕಾಯಂ ಮಾಡೋ ಆದೇಶ ನನ್ನ ಜೇಬಲ್ಲಿದೆ. ಹೇಳದೆ ಬಂದು ಪರೀಕ್ಷಿಸಿ, ಅಲ್ಲೇ ನಿಮ್ಮ ಸಹಿ ಹಾಕಿಸ್ಕೋಬೇಕಿತ್ತು. ಇವತ್ತೇ ಕಡೇ ದಿನ.”

“ಬನ್ನಿ ಸಾರ್, ಬನ್ನಿ.”

“ಹೇಗ್ರೀ ಬರ್ಲಿ? ಲಾಂಚು ನಿಲ್ಲಿಸಿದೀರಲ್ಲ. ಮುಂದಿನ ವರ್ಷ ನೋಡೋಣ.”