ರೈಟರ ಹಳೇ ರೂಪಾಯಿ ಹುಚ್ಚು

ಹಳೇ ಬೆಳ್ಳಿ ನಾಣ್ಯದ ಹುಚ್ಚು ಹತ್ತಿದ ಗಂಡಸು ಮನೆಯಲ್ಲಿದ್ದರೆ ಹೆಂಗಸರು ನಾಟಕ ನೋಡೋಕೆ ಎಲ್ಲಿಗೂ ಹೋಗಬೇಕಾಗಿಲ್ಲ. ವಾರಕ್ಕೊಂದು ಹೊಸ ಆಟ ಒಲೆ ಮುಂದೇನೇ ನಡೀತದೆ, ಟಿಕೆಟ್ಟೂ ಇಲ್ಲ. ನಮ್ಮನೆಯವರು ಮೂಡಿಗೆರೆಯಿಂದ ಜಾವಳಿ ಕಡೆ ಹೋಗುವ ದಾರಿಯಲ್ಲಿ ಒಬ್ಬ ಬಿಳಿ ದೊರೆಯ ಎಸ್ಟೇಟಿನಲ್ಲಿ ರೈಟರಾಗಿದ್ದರು. ಆಳುಗಳ ಹಾಜರಿ ಬರೆಯೋದು, ಕಾಫಿ ತೂಕ ಹಾಕಿಸೋದು ಇವರ ಕೆಲಸ. ಅದೊಂದನ್ನು ಬಿಟ್ಟು ಮೂರು ವರ್ಷ ಇವರು ಮಾಡಿದ್ದನ್ನೆಲ್ಲ ನಾನು ಕಣ್ಣಾರೆ ನೋಡಿದ್ದೇನೆ. ಒಂದಿಷ್ಟು ಹೇಳ್ತೀನಿ ಕೇಳಿ.

೧. ಹುಚ್ಚು ಹತ್ತಿದ್ದು

ದೊರೆ ಬಂಗಲೆಯಲ್ಲಿ ಹಳೇ ಬೆಳ್ಳಿ ನಾಣ್ಯ ಕೂಡಿಸುತ್ತಿದ್ದರು. ಹಸಿರು ಬಟ್ಟೆ ಹಾಸಿದ ಮರದ ಪೆಟ್ಟಿಗೆ, ಒಂದೊಂದು ನಾಣ್ಯಕ್ಕೂ ಒಂದೊಂದು ಗುಳಿ, ಪಕ್ಕದಲ್ಲಿ ಚೀಟಿ. ಹೆತ್ತ ಮಕ್ಕಳನ್ನೂ ಅಷ್ಟು ಜೋಪಾನ ಮಾಡೋರನ್ನು ನಾನು ಕಂಡಿಲ್ಲ. ಒಂದು ಸಂಜೆ ನಮ್ಮನೆಯವರು ಕಾಲು ಸಹ ತೊಳೆಯದೆ ಒಳಗೆ ನುಗ್ಗಿದರು.

"ಕೇಳಿದ್ಯೇನೇ? ಚಿಕ್ಕಮಗಳೂರಿಂದ ಬಂದ ಒಬ್ಬ ಸೇಟುಗೆ ದೊರೆ ಒಂದು ಹಳೇ ರೂಪಾಯಿಗೆ ಹತ್ತು ರೂಪಾಯಿ ಕೊಟ್ರು!"

"ಹಾಗಾದ್ರೆ ನಿಮ್ಮ ದೊರೆಗೆ ಮೊದಲು ಲೆಕ್ಕ ಹೇಳಿಕೊಡಿ" ಅಂದೆ.

"ನಿಂಗೆ ಗೊತ್ತಾಗಲ್ಲ ಮಾರಾಯ್ತಿ. ಹಳೇದಾದಷ್ಟೂ ಬೆಲೆ ಜಾಸ್ತಿ."

"ಹೌದಾ? ಸಂಸೆಯಲ್ಲಿ ನಿಮ್ಮ ದೊಡ್ಡಮ್ಮ ಇದ್ದಾರಲ್ಲ, ಅವರನ್ನ ಕರ್ಕೊಂಡು ಬಂದು ತೋರಿಸಿ."

ನನ್ನ ಮಾತು ಅವರ ಕಿವಿಗೆ ಬೀಳಲಿಲ್ಲ. ಅವರ ಕಣ್ಣು ದೇವರ ಗೂಡಿನ ಕಡೆ ಹೋಗಿತ್ತು. ಅಲ್ಲಿ ನನ್ನ ಕುಂಕುಮದ ಡಬ್ಬಿಯೊಳಗೆ ನನ್ನಮ್ಮ ಕೊಟ್ಟ ಜೋಡಿ ರೂಪಾಯಿ ಇತ್ತು. ಸುಲ್ತಾನರ ಕಾಲದ್ದು, ಎರಡು ರೂಪಾಯಿ ತೂಕದ ಒಂದೇ ನಾಣ್ಯ, ಮೇಲೆಲ್ಲ ಪಾರ್ಸಿ ಅಕ್ಷರ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದದ್ದು, ನನ್ನಿಂದ ನನ್ನ ಮಗಳಿಗೆ ಹೋಗಬೇಕಾದದ್ದು. ನನ್ನ ತವರಿನಿಂದ ನಾನು ತಂದ ಬೆಳ್ಳಿ ಅಂದರೆ ಅದೊಂದೇ.

ಮುಟ್ಟಿದರೆ ಕೈ ಮುರೀತೀನಿ ಅಂತ ಹೆಂಡತಿಯಾದವಳು ಗಂಡನಿಗೆ ಹೇಳಬಾರದು. ನಾನು ಹೇಳಿದೆ.

೨. ಒಣಮೀನಿನ ರಾಜ

ನನ್ನ ಡಬ್ಬಿ ಸಿಗೋದಿಲ್ಲ ಅಂತಾದ ಮೇಲೆ ನಮ್ಮನೆಯವರು ಸ್ವಂತ ಬುದ್ಧಿ ಖರ್ಚು ಮಾಡಿದರು. ಕಪ್ಪಗಾದ ನಾಣ್ಯವನ್ನು ಕಂಡರೆ ದೊರೆಗೆ ಪ್ರಾಣ, ತಿಕ್ಕಿ ತೊಳೆದದ್ದನ್ನು ಕಂಡರೆ ಸಿಟ್ಟು ಅಂತ ಅವರಿಗೆ ಗೊತ್ತಾಗಿತ್ತು. ಸರಿ, ಸಂಬಳದಲ್ಲಿ ಬಂದ ನಾಲ್ಕು ರೂಪಾಯಿಗಳನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಒಲೆಯ ಮೇಲಿನ ಹೊಗೆಯಲ್ಲಿ ನೇತುಹಾಕಿದರು. ಪಕ್ಕದಲ್ಲೇ ಘಟ್ಟದ ಕೆಳಗಿಂದ ತರಿಸಿದ ಒಣಮೀನಿನ ಕಟ್ಟು ಇತ್ತು.

"ಇದೇನ್ರೀ ಇದು, ಸಂಬಳ ಬೇಯಿಸ್ತೀರಾ?" ಅಂತ ಕೇಳಿದೆ.

"ಒಂದು ತಿಂಗಳು ತಡಿ. ನೂರು ವರ್ಷ ಹಳೇದಾಗ್ತದೆ."

ತಿಂಗಳಾಯಿತು. ನಾಣ್ಯಗಳ ಮೇಲೆ ಮಸಿ ಎಷ್ಟು ದಪ್ಪ ಕೂತಿತ್ತೆಂದರೆ ಇಸವಿಯೂ ಕಾಣಲಿಲ್ಲ, ರಾಜನ ಮೂಗೂ ಕಾಣಲಿಲ್ಲ. ಇವರು ಕೋಟು ಹಾಕಿಕೊಂಡು, ನಾಣ್ಯಗಳನ್ನು ಜೇಬಿಗಿಳಿಸಿ ಬಂಗಲೆಗೆ ಹೋದರು. ದೊರೆ ಒಂದನ್ನು ತಗೊಂಡು ಭೂತಗನ್ನಡಿ ಹಿಡಿದು ನೋಡಿದರಂತೆ. ಆಮೇಲೆ ಭೂತಗನ್ನಡಿ ಕೆಳಗಿಟ್ಟು ನಾಣ್ಯವನ್ನು ಮೂಗಿನ ಹತ್ತಿರ ಹಿಡಿದರಂತೆ.

"ರೈಟರ್, ಈ ರಾಜ ಸಮುದ್ರದಲ್ಲಿ ಎಷ್ಟು ದಿನ ಇದ್ದ?"

ಅಷ್ಟರಲ್ಲಿ ಬಂಗಲೆಯ ಬೆಕ್ಕು ಕುರ್ಚಿಯಿಂದ ಹಾರಿ ಬಂದು ಇವರ ಕೋಟಿನ ಜೇಬಿಗೆ ಜೋತುಬಿತ್ತು. ಓಡಿಸಿದರೂ ಬಿಡದೆ ನಮ್ಮ ಅಂಗಳದ ತನಕ ಹಿಂದೆಯೇ ಬಂತು. ಆ ನಾಲ್ಕು ನಾಣ್ಯಗಳಿಗೆ ಆಸೆ ಪಟ್ಟ ಗಿರಾಕಿ ಅಂದರೆ ಅದೊಂದೇ.

೩. ರಾಮದೇವರ ಕಾಲದ್ದು

ಹೊಸದನ್ನು ಹಳೇದು ಮಾಡೋಕೆ ಬರಲಿಲ್ಲ, ಇನ್ನು ನಿಜವಾಗಿ ಹಳೇದನ್ನೇ ಕೊಂಡು ಮಾರ್ತೀನಿ ಅಂತ ಹೊರಟರು. ಇಂಥವರಿಗಾಗಿಯೇ ದಾರಿ ಕಾಯ್ತಾ ಕೂತಿರೋರು ಇರ್ತಾರಲ್ಲ! ಜರಿ ರುಮಾಲಿನ ಒಬ್ಬ ವ್ಯಾಪಾರಿ ಎಲ್ಲಿಂದಲೋ ಬಂದ. ನಮ್ಮ ಜಗಲಿಯಲ್ಲಿ ಕೂತು, ನನ್ನ ಕೈಯಲ್ಲಿ ಎರಡು ಸಲ ಕಾಫಿ ಮಾಡಿಸಿ ಕುಡಿದು, ಕೆಂಪು ರೇಷ್ಮೆ ಬಿಚ್ಚಿ ಒಂದು ದಪ್ಪ ನಾಣ್ಯ ತೋರಿಸಿದ. ಒಂದು ಕಡೆ ರಾಮ, ಸೀತೆ, ಪಟ್ಟಾಭಿಷೇಕ. ಇನ್ನೊಂದು ಕಡೆ ಹನುಮಂತ.

"ಸ್ವಾಮಿ, ಇದು ಪಟ್ಟಾಭಿಷೇಕದ ದಿನ ಅಯೋಧ್ಯೆಯಲ್ಲೇ ಹಂಚಿದ್ದು" ಅಂದ.

ನಮ್ಮನೆಯವರು ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಹದಿನೈದು ರೂಪಾಯಿ ಎಣಿಸಿ ಕೊಟ್ಟರು. ಹದಿನೈದು! ನಾನು ಹರಿದ ಸೀರೆಗೆ ತೇಪೆ ಹಾಕಿ ಉಡ್ತಿದ್ದ ಕಾಲ ಅದು. ಹೊಟ್ಟೆ ಉರಿದುಹೋಯಿತು. ಅವನು ಗೇಟು ದಾಟಿದ ಮೇಲೆ ನಾಣ್ಯವನ್ನು ಬೆಳಕಿಗೆ ಹಿಡಿದು ನೋಡಿದೆ. ಹನುಮಂತನ ಕಾಲ ಕೆಳಗೆ ಸಣ್ಣದಾಗಿ ಇಸವಿ ಕೆತ್ತಿತ್ತು, ಅದೂ ಇಂಗ್ಲಿಷ್ ಅಂಕೆಯಲ್ಲಿ.

"ಏನ್ರೀ, ಅಯೋಧ್ಯೆಯಲ್ಲಿ ಇಂಗ್ಲಿಷ್ ಅಂಕೆ ಬರೆದೋರು ಯಾರು?"

ಅವರು ನಾಣ್ಯವನ್ನು ನನ್ನ ಕೈಯಿಂದ ಇಸ್ಕೊಂಡು ಇನ್ನೊಂದು ಸಲ ಕಣ್ಣಿಗೊತ್ತಿಕೊಂಡರು. ಆಮೇಲೆ ಗಂಭೀರವಾಗಿ ಹೇಳಿದರು: "ರಾಮದೇವರಿಗೆ ಮುಂದೆ ಆಗೋದೆಲ್ಲ ಗೊತ್ತಿತ್ತು ಕಣೇ. ಇಂಗ್ಲಿಷಿನೋರು ಬರ್ತಾರೆ ಅಂತ ಗೊತ್ತಿರಲ್ವಾ?"

೪. ಸಂತೆ ದಿನ

ವ್ಯಾಪಾರಿಗಳ ಸಹವಾಸ ಸಾಕಾಗಿ, ಮೂಡಿಗೆರೆ ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡೋ ದುಡ್ಡಿನಲ್ಲೇ ಒಳ್ಳೇ ನಾಣ್ಯ ಸಿಕ್ಕಬಹುದು ಅಂತ ಹೊಸ ಯೋಚನೆ ಬಂತು. ಅಲ್ಲಿ ನಮಗೆ ಪರಿಚಯದ ಸಾಬರದೊಂದು ದಿನಸಿ ಅಂಗಡಿ. ಒಳ್ಳೇ ಮನುಷ್ಯರು, ನಾನು ಹೋದರೆ "ಏನಮ್ಮಾ, ಮಕ್ಕಳು ಹುಷಾರಾ?" ಅಂತ ಕೇಳಿಯೇ ತಕ್ಕಡಿ ಎತ್ತೋರು. ಇವರು ಪ್ರತಿ ಸಂತೆಗೂ ಹೋಗಿ ಅವರ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಮಣೆ ಹಾಕಿಕೊಂಡು ಕೂತರು. ಗಿರಾಕಿ ಕೊಟ್ಟ ಒಂದೊಂದು ರೂಪಾಯಿಯನ್ನೂ ಸಾಬರ ಕೈಗೆ ಹೋಗೋ ಮುಂಚೆ ಇವರೇ ಇಸ್ಕೊಳ್ಳೋದು, ತಿರುಗಿಸೋದು, ಉಗುರಲ್ಲಿ ಕೆರೆಯೋದು, ಕಲ್ಲಿನ ಮೇಲೆ ಹೊಡೆದು ಕಿವಿ ಕೊಟ್ಟು ಕೇಳೋದು.

ಜನ ಇವರ ಕೋಟು ನೋಡಿ, ಖೋಟಾ ನಾಣ್ಯ ಹಿಡಿಯೋಕೆ ಸರ್ಕಾರದಿಂದ ಬಂದಿದ್ದಾರೆ ಅಂದುಕೊಂಡರು. ಒಬ್ಬಳು ಕಟ್ಟಿಸಿದ ಉಪ್ಪು ಮೆಣಸಿನಕಾಯಿ ಅಲ್ಲೇ ಬಿಟ್ಟು ಹೊರಟಳು. ಇನ್ನೊಬ್ಬ ದೂರದಿಂದಲೇ ಇವರನ್ನು ಕಂಡು, ಬೆಲ್ಲ ಬೇಡ ಅಂತ ಕೂಗಿ ಹೇಳಿ ಹೋದ. ಮೂರನೇ ಸಂತೆಗೆ ಅಂಗಡಿ ಮುಂದೆ ನೊಣ ಬಿಟ್ಟರೆ ಯಾರೂ ಇಲ್ಲ.

ಸಾಬರು ತಾಳ್ಮೆಯ ಮನುಷ್ಯ. ಬೈಯಲಿಲ್ಲ. ಇವರಿಗೆ ಒಂದು ಲೋಟ ಚಾ ತರಿಸಿಕೊಟ್ಟು ಹತ್ತಿರ ಬಂದು ಕೂತರು.

"ರೈಟರೇ, ನಿಮಗೆ ದಿನಕ್ಕೆ ಎಂಟಾಣೆ ಕೊಡ್ತೀನಿ. ಮುಂದಿನ ಸಂತೆಯಿಂದ ಆ ಎದುರಿನ ಅಂಗಡೀಲಿ ಕೂತ್ಕೊಳ್ಳಿ."

೫. ಮೇಸ್ತ್ರಿಯ ಹೆಂಡತಿಯ ಸರ

ಎಸ್ಟೇಟಿನಲ್ಲಿ ಆಳುಗಳ ಕೈಲಿ ಕೆಲಸ ಮಾಡಿಸೋ ಮೇಸ್ತ್ರಿಯ ಹೆಂಡತಿ ಹತ್ತಿರ ಒಂದು ಸರ ಇತ್ತು. ರಾಣಿಯ ಮುಖದ ಹತ್ತು ಹಳೇ ರೂಪಾಯಿ, ಒಂದೊಂದಕ್ಕೂ ಮೇಲೆ ಬೆಳ್ಳಿ ಕೊಂಡಿ ಬೆಸೆದು ದಾರದಲ್ಲಿ ಪೋಣಿಸಿದ್ದು. ನಮ್ಮನೆಯವರು ಅದರ ಹಿಂದೆ ಬಿದ್ದರು. ಅವಳೇನು ಕಡಿಮೆಯವಳಲ್ಲ. "ನಂಗೆ ಮಾರೋ ಮನಸ್ಸೇ ಇಲ್ಲ ರೈಟರೇ" ಅಂತ ಹೇಳ್ತಾ ಹೇಳ್ತಾ ಹತ್ತು ರೂಪಾಯಿಯ ಸರಕ್ಕೆ ಇಪ್ಪತ್ತೈದು ಕಿತ್ತಳು.

ದೊರೆ ಸರವನ್ನು ಕೈಗೆ ಸಹ ತಗೊಳ್ಳಲಿಲ್ಲ.

"ಕೊಂಡಿ ಹಾಕಿದ ನಾಣ್ಯ ಬೇಡ. ಬೆಂಕಿ ಮುಟ್ಟಿದೆ. ಎರಡು ಕಾಸಿನ ಬೆಲೆ ಇಲ್ಲ."

"ಕೊಂಡಿ ಬಿಚ್ಚಿಸ್ತೀನಿ ದೊರೆ."

"ಬಿಚ್ಚಬಹುದು ರೈಟರ್. ಗಾಯ ಉಳೀತದೆ."

ಇವರು ಮುಖ ಸಣ್ಣಗೆ ಮಾಡಿಕೊಂಡು ಬಂದು ಇದನ್ನೆಲ್ಲ ನನಗೆ ಹೇಳಿದರು. ಪಾಪ ಅನ್ನಿಸಬೇಕಾಗಿತ್ತು, ಅನ್ನಿಸಲಿಲ್ಲ. ಆದರೆ ಆ ಮಾತನ್ನು ಮಾತ್ರ ನಾನು ಸೆರಗಿಗೆ ಗಂಟು ಹಾಕಿಕೊಂಡೆ. ಸರ ವಾಪಸ್ ಕೊಡೋಕೆ ಇವರು ಮೇಸ್ತ್ರಿಯ ಮನೆಗೆ ಹೋದರು. ಅವಳು ಬಾಗಿಲಲ್ಲೇ ನಿಂತು, ಇವರನ್ನು ಮೇಲಿಂದ ಕೆಳಗೆ ನೋಡಿದಳಂತೆ.

"ಕೊಟ್ಟಿದ್ದು ವಾಪಸ್ ತಗೊಳ್ಳಲ್ಲ ರೈಟರೇ. ನೀವೇ ಹಾಕ್ಕೊಳ್ಳಿ, ನಿಮ್ಮ ಕೊರಳಿಗೂ ಒಪ್ತದೆ."

೬. ನನ್ನ ಜೋಡಿ ರೂಪಾಯಿ

ಇಷ್ಟೆಲ್ಲ ಕಳಕೊಂಡ ಮೇಲೆ ಅವರ ಕಣ್ಣು ಮತ್ತೆ ನನ್ನ ಕುಂಕುಮದ ಡಬ್ಬಿಗೆ ಬಂತು. ಒಂದು ದಿನ ಊಟಕ್ಕೆ ಕೂತಾಗ, ತಟ್ಟೆ ನೋಡ್ತಾ ಹೇಳಿದರು.

"ಬರೋ ಭಾನುವಾರ ದೊರೆ, ದೊರೆಸಾನಿ ನಮ್ಮನೆಗೆ ಬರ್ತಾರೆ. ಜೋಡಿ ರೂಪಾಯಿಗೆ ಐವತ್ತು ಕೊಡ್ತಾರಂತೆ. ನಾನು ಮಾತು ಕೊಟ್ಟಾಯ್ತು."

"ನನ್ನಮ್ಮನ ನಾಣ್ಯಕ್ಕೆ ಮಾತು ಕೊಡೋಕೆ ನೀವ್ಯಾರು?"

"ಐವತ್ತು ರೂಪಾಯಿ ಕಣೇ! ಒಂದು ಸೈಕಲ್ ಬರ್ತದೆ."

ಸೈಕಲ್! ನಮ್ಮ ಎಸ್ಟೇಟಿನ ಏರಿನಲ್ಲಿ ಸೈಕಲ್ ಇವರನ್ನು ಹೊರೋದಿಲ್ಲ, ಇವರು ಸೈಕಲ್ ಹೊರಬೇಕು. ಅದಕ್ಕಾಗಿ ನನ್ನ ಮಗಳ ಪಾಲಿನದು ಆ ಹಸಿರು ಬಟ್ಟೆಯ ಗುಳಿಯೊಳಗೆ ಹೋಗಿ ಚೀಟಿ ಅಂಟಿಸಿಕೊಂಡು ಮಲಗಬೇಕಾ? ಅಳು ಬಂತು. ಬಚ್ಚಿಟ್ಟರೆ ಹುಡುಕ್ತಾರೆ, ಜಗಳ ಆಡಿದರೆ ಕೊಟ್ಟ ಮಾತು ಅಂತಾರೆ, ದೊರೆ ಬಾಗಿಲಿಗೆ ಬಂದು ನಿಂತರೆ ಇಲ್ಲ ಅನ್ನೋ ಧೈರ್ಯ ಯಾರಿಗಿದೆ? ಹಾಗೆ ಯೋಚನೆ ಮಾಡ್ತಾ ಇದ್ದಾಗ ಗೂಟಕ್ಕೆ ನೇತುಹಾಕಿದ್ದ ಮೇಸ್ತ್ರಿಯ ಹೆಂಡತಿಯ ಸರ ಕಣ್ಣಿಗೆ ಬಿತ್ತು.

ಮಾರನೇ ದಿನ ಅಕ್ಕನ ಮನೆಗೆ ಹೋಗ್ತೀನಿ ಅಂತ ಹೇಳಿ ಸೀದಾ ಮೂಡಿಗೆರೆಯ ಅಕ್ಕಸಾಲಿಗರ ಮನೆಗೆ ಹೋದೆ. ಜೋಡಿ ರೂಪಾಯಿ ಮುಂದಿಟ್ಟು, ಇದಕ್ಕೊಂದು ಕೊಂಡಿ ಬೆಸೆದುಕೊಡಿ ಅಂದೆ. ಅವರು ಅದನ್ನು ಅಂಗೈಯಲ್ಲಿ ತೂಗಿ ನೋಡಿದರು.

"ಅಮ್ಮಾ, ಇಂಥಾ ನಾಣ್ಯಕ್ಕೆ ಬೆಂಕಿ ತೋರಿಸಬೇಕಾ? ಒಂದ್ಸಲ ಯೋಚನೆ ಮಾಡಿ."

"ಯೋಚನೆ ಮಾಡಿಯೇ ಬಂದಿದ್ದೀನಿ. ಹಾಕಿ."

ಕೊಂಡಿಗೆ ಬೆಳ್ಳಿ ಬೇಕು ಅಂದಾಗ ರಾಮದೇವರ ನಾಣ್ಯ ಕೊಟ್ಟೆ. ಕಲ್ಲಿಗೆ ಉಜ್ಜಿ ನೋಡಿ, "ಇದು ಪೂಜೆಗೆ ಇಟ್ಕೊಳ್ಳಿ ಅಮ್ಮ, ಇದರಲ್ಲಿ ಬೆಳ್ಳಿ ಇಲ್ಲ" ಅಂತ ವಾಪಸ್ ಕೊಟ್ಟರು. ಕೊನೆಗೆ ಒಣಮೀನಿನ ರಾಜರಲ್ಲಿ ಒಬ್ಬನನ್ನು ಕೊಟ್ಟೆ. ಅವರು ಊದುಗೊಳವೆ ಹಿಡಿದು ಬೆಂಕಿ ಊದಿದಾಗ ನಾನು ಮುಖ ಆಚೆ ತಿರುಗಿಸಿಕೊಂಡೆ. ತಪ್ಪಾಯ್ತು ಅಮ್ಮ ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ಗಾಯ ಆದರೂ ಆಗಲಿ, ಮನೆಯಲ್ಲಿ ಉಳೀತದಲ್ಲ.

ಭಾನುವಾರ ದೊರೆ, ದೊರೆಸಾನಿ ಬಂದು ನಮ್ಮ ಜಗಲಿಯಲ್ಲಿ ಕೂತರು. ನಮ್ಮನೆಯವರು ಕುಂಕುಮದ ಡಬ್ಬಿಯನ್ನು ತಟ್ಟೆಯಲ್ಲಿಟ್ಟು ತಂದು, ಗತ್ತಿನಿಂದ ಮುಚ್ಚಳ ತೆಗೆದರು. ಒಳಗೆ ಕುಂಕುಮ ಮಾತ್ರ ಇತ್ತು. ಅದೇ ಹೊತ್ತಿಗೆ ನಾನು ಕಾಫಿ ಹಿಡಿದು ಹೊರಗೆ ಬಂದೆ. ಕೊರಳಲ್ಲಿ ಸರ, ಹತ್ತು ರಾಣಿಯರ ನಡುವೆ ಜೋಡಿ ರೂಪಾಯಿ ಫಳಫಳ ಹೊಳೀತಿತ್ತು, ಯಾಕೆಂದರೆ ಹುಣಸೆಹಣ್ಣು ಹಾಕಿ ತಿಕ್ಕಿಯೂ ಇದ್ದೆ.

ದೊರೆ ಎದ್ದು ನಿಂತರು. ಕೊಂಡಿ ನೋಡಿದರು. "ಓ ಗಾಡ್" ಅಂತ ಮತ್ತೆ ಕೂತರು. ನಮ್ಮನೆಯವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ದೊರೆಸಾನಿ ಮಾತ್ರ ಹತ್ತಿರ ಬಂದು ಸರವನ್ನು ಬೆರಳಲ್ಲಿ ಎತ್ತಿ ಎತ್ತಿ ನೋಡಿದರು. ತುಂಬಾ ಚೆನ್ನಾಗಿದೆ, ಯಾರು ಮಾಡಿದ್ದು ಅಂತ ಕೇಳಿದರು. ಕೇಳಿದ ಮೇಲೆ ಹೇಳದೆ ಇರೋದು ಮರ್ಯಾದೆಯಲ್ಲ. ಅಕ್ಕಸಾಲಿಗರ ಮನೆಯ ಗುರುತು ಹೇಳಿದೆ.

ಮೂರು ದಿನ ನಮ್ಮನೆಯವರು ನನ್ನ ಹತ್ತಿರ ಮಾತಾಡಲಿಲ್ಲ. ಮನೆ ತಣ್ಣಗಿತ್ತು.

ತಿಂಗಳೊಪ್ಪತ್ತು ಕಳೆದಿರಬೇಕು. ದೊರೆ ಏನೋ ಕೆಲಸಕ್ಕೆ ಮದರಾಸಿಗೆ ಹೋಗಿ ಬಂದರು. ಬಂದ ದಿನವೇ ಚಿಕ್ಕಮಗಳೂರಿನಲ್ಲಿ ಬಿಳಿಯರ ಪಾರ್ಟಿ. ಮುಂದಿನದನ್ನು ಬಂಗಲೆಯ ಬಟ್ಲರ್ ನಮಗೆ ಹೇಳಿದ್ದು. ದೊರೆಸಾನಿ ಹೊಸ ಗೌನು ಹಾಕಿ ಮೆಟ್ಟಿಲಿಳಿದು ಬಂದರಂತೆ. ಕೊರಳಿಂದ ಸೊಂಟದ ತನಕ ಮೂರು ಎಳೆ ಸರ, ಎಲ್ಲ ಹಳೇ ಬೆಳ್ಳಿ ನಾಣ್ಯ, ಒಂದೊಂದಕ್ಕೂ ಚಂದದ ಕೊಂಡಿ, ಎಲ್ಲವೂ ತಿಕ್ಕಿ ಬೆಳ್ಳಗೆ. ದೊರೆ ಓಡಿಹೋಗಿ ಹಸಿರು ಬಟ್ಟೆಯ ಪೆಟ್ಟಿಗೆ ತೆಗೆದರಂತೆ. ಗುಳಿಗಳೆಲ್ಲ ಖಾಲಿ, ಚೀಟಿಗಳು ಮಾತ್ರ ಸಾಲಾಗಿ ಇದ್ದವಂತೆ.

"ಸುಮ್ಮನೆ ಪೆಟ್ಟಿಗೇಲಿ ಬಿದ್ದಿದ್ವಲ್ಲ, ನಿಮಗೆ ಖುಷಿಯಾಗಲಿ ಅಂತ ಮಾಡಿಸ್ದೆ" ಅಂದರಂತೆ ದೊರೆಸಾನಿ.

ಮಾರನೇ ಬೆಳಿಗ್ಗೆ ದೊರೆ ಒಬ್ಬರೇ ನಮ್ಮ ಅಂಗಳಕ್ಕೆ ಬಂದರು. ಟೋಪಿ ಕೈಯಲ್ಲಿತ್ತು, ರಾತ್ರಿ ನಿದ್ದೆ ಮಾಡಿದ ಮುಖವಲ್ಲ. ನಮ್ಮನೆಯವರು ಹೆದರಿ ಕಂಬದ ಹಿಂದೆ ಸರಿದರು. ದೊರೆ ಅವರ ಕಡೆ ನೋಡದೆ ನನ್ನನ್ನೇ ಕೇಳಿದರು.

"ಅಮ್ಮಾ, ಆ ಅಕ್ಕಸಾಲಿಗನಿಗೆ ಕೊಂಡಿ ಬಿಚ್ಚೋಕೆ ಬರ್ತದಾ?"

ನಾನು ಕೊರಳಿನ ಜೋಡಿ ರೂಪಾಯಿಯನ್ನು ಸೆರಗಿನೊಳಗೆ ಸೇರಿಸಿಕೊಂಡು ಹೇಳಿದೆ.

"ಬಿಚ್ಚಬಹುದು ದೊರೆ. ಗಾಯ ಉಳೀತದೆ."