ಭಾನುವಾರಕ್ಕೆ ಯಾವ ಕೋಲು

ನಮ್ಮ ಸೋದರಮಾವನಿಗೆ ಹೆಣ್ಣು ನೋಡಿ ಬೇಡವೆನ್ನಲು ಹೆಚ್ಚೆಂದರೆ ಒಂದು ತಟ್ಟೆ ಅವಲಕ್ಕಿ ಮುಗಿಯುವಷ್ಟು ಹೊತ್ತು ಸಾಕು. ಕೋಲು ನೋಡಿ ಬೇಕೆನ್ನಲು ಮಾತ್ರ ಒಂದಿಡೀ ಶನಿವಾರ ಬೇಕು. ಈ ಮಾತು ನನ್ನದಲ್ಲ, ನನ್ನ ಅಮ್ಮನದು. ಅವನ ಅಕ್ಕ ಅನ್ನುವ ಒಂದೇ ತಪ್ಪಿಗೆ ವರ್ಷಗಟ್ಟಲೆ ಅವನ ಜೊತೆ ಹೆಣ್ಣಿನ ಮನೆಗಳಿಗೆ ಅಲೆದು, ಆ ಅವಲಕ್ಕಿಯನ್ನೆಲ್ಲ ತಿಂದವಳು ಅವಳು. ಹಾಗಾಗಿ ನೀವು ನಂಬಬಹುದು.

ಮಾವ ಸೊರಬದಲ್ಲಿ ಲೇಡೀಸ್ ಟೈಲರ್. ವಯಸ್ಸು ನಲವತ್ತೇಳು. ಅವನ ಅಂಗಡಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದೆ. ಕೋಲು ಎಂದರೆ ಎಂಥದ್ದು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಪೂಲ್ ಆಡುವ ಕೋಲು. ದೊಡ್ಡ ಮೇಜಿಗೆ ಹಸಿರು ಬಟ್ಟೆ ಹೊದಿಸಿ, ಮೇಲೆ ಬಣ್ಣದ ಚೆಂಡುಗಳನ್ನು ಹರಡಿ, ಬಿಳಿ ಚೆಂಡಿಗೆ ಕೋಲಿನ ತುದಿಯಿಂದ ತಿವಿದು, ಉಳಿದವನ್ನು ಮೇಜಿನ ಅಂಚಿನ ಜೇಬುಗಳಿಗೆ ಕೆಡವುತ್ತಾರಲ್ಲ, ಅದೇ ಆಟ. ಕೋಲಿನ ಸರಿಯಾದ ಹೆಸರು ಕ್ಯೂ ಅಂತೆ. ಆದರೆ ನಮ್ಮ ಕಡೆ ಕ್ಯೂ ಎಂದರೆ ಪಡಿತರ ಅಂಗಡಿಯ ಮುಂದೆ ನಿಲ್ಲುವುದು. ಮಾವ ಒಮ್ಮೆ ಜಂಬದಿಂದ "ನನ್ನ ಹತ್ರ ಐದು ಕ್ಯೂ ಅದಾವೆ" ಎಂದಾಗ ಪಕ್ಕದ ಮನೆಯ ಅಜ್ಜಿ, "ಒಬ್ಬನೇ ಇರೋನು, ಅಷ್ಟು ರೇಷನ್ ಕಾರ್ಡ್ ಹೆಂಗೆ ಮಾಡಿಸ್ದೆ ಮಾರಾಯ" ಎಂದು ಕೇಳಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಅವು ಕೋಲುಗಳೇ.

ಕೋಲು ಐದಿವೆ, ಸರಿ. ಮೇಜು? ಸೊರಬದಲ್ಲಿ ಒಂದೂ ಇಲ್ಲ! ಮೇಜಿರುವುದು ಶಿಕಾರಿಪುರದಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲಿನ ಪೂಲ್ ಪಾರ್ಲರಿನಲ್ಲಿ. ಆದ್ದರಿಂದ ಮಾವ ಪ್ರತಿ ಭಾನುವಾರ ಬೆಳಿಗ್ಗೆ ಅಂಗಡಿ ಬಾಗಿಲು ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಸ್ಸು ಹತ್ತುತ್ತಾನೆ. ತನ್ನೂರಲ್ಲಿ ಕೆರೆಯೇ ಇಲ್ಲದವನು ಐದು ದೋಣಿ ಇಟ್ಟುಕೊಂಡ ಹಾಗೆ ಎಂದು ನನ್ನ ಗಂಡ ನಗುತ್ತಾನೆ. ಮಾವ ಅದಕ್ಕೆ ಉತ್ತರ ಕೊಡುವುದಿಲ್ಲ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುವವರಿಗೆ ಇದೊಂದು ಅನುಕೂಲ.

ಐದೂ ಕೋಲುಗಳಿಗೆ ಮಾವನೇ ಉದ್ದನೆಯ ಚೀಲ ಹೊಲಿದಿದ್ದಾನೆ. ಬಟ್ಟೆ ಎಲ್ಲಿಂದ ಬಂತು? ಬ್ಲೌಸ್ ಹೊಲಿದು ಮಿಕ್ಕ ತುಂಡುಗಳಿಂದ. ಒಂದು ಕೋಲಿಗೆ ಮೇಲಿನಿಂದ ಕೆಳಗೆ ಏಳೆಂಟು ಹೆಂಗಸರ ಬ್ಲೌಸು. ಒಮ್ಮೆ ಆನವಟ್ಟಿಯ ಒಬ್ಬ ಗಿರಾಕಿ ಅಂಗಡಿಯಲ್ಲಿ ಕೂತವರು ಗೋಡೆಗೆ ಒರಗಿಸಿದ್ದ ಕೋಲನ್ನೇ ಬಹಳ ಹೊತ್ತು ನೋಡಿದರು.

"ಏನ್ರೀ, ಬಟ್ಟೆ ಸಾಕಾಗಲಿಲ್ಲ ಅಂತ ನನ್ನ ಮೆರೂನ್ ಬ್ಲೌಸಿಗೆ ತೋಳು ಗಿಡ್ಡ ಮಾಡಿದ್ರಲ್ಲ?"

"ಹೌದ್ರೀ, ಸ್ವಲ್ಪ ಕಮ್ಮಿ ಬಿದ್ದಿತ್ತು."

"ನಿಮ್ಮ ಕೋಲಿಗೆ ತೋಳು ಉದ್ದಕ್ಕೇ ಬಂದಿದೆಯಲ್ಲ ಮತ್ತೆ."

ಮುಂದಿನ ವಾರ ಆ ಕೋಲಿಗೆ ಮಾವ ತನ್ನ ಹಳೆಯ ಪ್ಯಾಂಟಿನ ಬಟ್ಟೆ ಹಾಕಿದ.

ಬಸ್ಸಿನ ಕಥೆ ಇನ್ನೊಂದು. ಹಿಂದೆಲ್ಲ ಮಾವ ಐದೂ ಕೋಲುಗಳನ್ನು ಸೌದೆ ಹೊರೆಯ ಹಾಗೆ ಕಟ್ಟಿಕೊಂಡು ಹೋಗುತ್ತಿದ್ದ. ಕಂಡಕ್ಟರು ಬೈಯುತ್ತಿದ್ದರು, ಪಕ್ಕದವರ ಕಿವಿಗೆ ತಾಗುತ್ತಿತ್ತು, ಆದರೂ ಬಿಟ್ಟಿರಲಿಲ್ಲ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಒಂದೇ ಕೋಲು ಒಯ್ಯಲು ಶುರು ಮಾಡಿದ. ಕಂಡಕ್ಟರ ಬೈಗುಳ ಕೊನೆಗೂ ನಾಟಿತು ಎಂದು ನಾವೆಲ್ಲ ಅಂದುಕೊಂಡೆವು. ಅದೇ ಬಸ್ಸಿಗೆ ವಾರವಾರ ಬರುವ ಹಿರಿಯರೊಬ್ಬರು ಮಾತ್ರ ಅವನು ಗಾಳ ಹಿಡಿದು ಅಂಬ್ಲಿಗೊಳದ ಡ್ಯಾಮಿಗೆ ಹೋಗುತ್ತಾನೆ ಎಂದೇ ನಂಬಿದ್ದರು. ಸಂಜೆ ವಾಪಸು ಬರುವಾಗಲೂ ಸಿಕ್ಕರೆ, "ಎಷ್ಟು ಬಿದ್ವು ಇವತ್ತು?" ಎಂದು ಕೇಳುತ್ತಿದ್ದರು. ಮಾವ ಬಹಳ ದಿನ ತಿದ್ದಲು ನೋಡಿ, ಸೋತು, ಆಮೇಲೆ ಸತ್ಯವನ್ನೇ ಹೇಳತೊಡಗಿದ.

"ಎಂಟು ಬಿದ್ವು. ಬಿಳೀದೂ ಒಂದು ಬಿತ್ತು, ಹಂಗಾಗಿ ಸೋತೆ."

"ಬಿಳೀದು ಬಿಟ್ಬಿಡಬೇಕು ನೋಡಿ, ಮುಳ್ಳು ಜಾಸ್ತಿ" ಎನ್ನುತ್ತಿದ್ದರು ಹಿರಿಯರು.

ಇನ್ನು ನೀಲಿ ಚಾಕ್‌ಪೀಸಿನ ವಿಷಯ. ಕೋಲಿನ ತುದಿ ಚೆಂಡಿನ ಮೇಲೆ ಜಾರದಿರಲಿ ಎಂದು ಅದಕ್ಕೆ ನೀಲಿ ಬಣ್ಣದ ಚಾಕ್‌ಪೀಸ್ ಉಜ್ಜುತ್ತಾರೆ. ಟೈಲರುಗಳ ಹತ್ತಿರವೂ ಚಾಕ್‌ಪೀಸ್ ಇರುತ್ತದೆ, ಬಟ್ಟೆಗೆ ಗೆರೆ ಎಳೆಯಲು. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟರೆ ಏನಾಗುತ್ತದೆ? ನನ್ನ ಮದುವೆಯಾಗುತ್ತದೆ. ನನ್ನ ಧಾರೆ ಸೀರೆಯ ಬ್ಲೌಸಿಗೆ ಮಾವ ಎಳೆದ ಗೆರೆ ಎಷ್ಟು ಒಗೆದರೂ ಹೋಗಲಿಲ್ಲ. ಆಲ್ಬಮ್ಮಿನಲ್ಲಿ ಈಗಲೂ ನೋಡಬಹುದು. ನಾನು ತಲೆ ತಗ್ಗಿಸಿ ಹಾರ ಹಾಕಿಸಿಕೊಳ್ಳುತ್ತಿದ್ದೇನೆ, ಬೆನ್ನ ಮೇಲೆ ಅಚ್ಚ ನೀಲಿಯ ಒಂದು ಗೆರೆ ನೇರವಾಗಿ ಗಂಡನ ಕಡೆ ಗುರಿಯಿಟ್ಟು ನಿಂತಿದೆ.

ಇಷ್ಟೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಆ ಶನಿವಾರಗಳು. ಮಧ್ಯಾಹ್ನದ ಊಟವಾದ ಮೇಲೆ ಮಾವ ಕಟಿಂಗ್ ಟೇಬಲ್ ಖಾಲಿ ಮಾಡಿ ಐದೂ ಕೋಲುಗಳನ್ನು ಸಾಲಾಗಿ ಮಲಗಿಸುತ್ತಿದ್ದ. ಒಂದೊಂದನ್ನೇ ಉರುಳಿಸಿ ಬಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಕರಿಯದು ಭಾರ, ಆದರೆ ಮೊದಲ ಏಟಿಗೆ ಚೆಂಡುಗಳನ್ನು ಚೆನ್ನಾಗಿ ಚೆದುರಿಸುತ್ತದೆ. ಸಪೂರದ್ದು ಹಗುರ, ಗುರಿ ಸೂಕ್ಷ್ಮ. ಒಂದರ ಹಿಡಿಗೆ ದಾರ ಸುತ್ತಿದೆ, ಇನ್ನೊಂದರ ಹಿಡಿ ನುಣುಪು. ಎತ್ತುವುದು, ತೂಗುವುದು, ಇಳಿಸುವುದು. ಬಾಗಿಲಾಚೆ ಹೋಗಿ ಆಕಾಶ ನೋಡಿ ಬರುವುದು. ಸರಿ, ಇದೇ ಎಂದು ಚೀಲಕ್ಕೆ ಹಾಕಿ ದಾರ ಕಟ್ಟಿ, ಎರಡು ನಿಮಿಷಕ್ಕೆ ಬಿಚ್ಚುವುದು. ಅಷ್ಟರಲ್ಲಿ ಸೀರೆಗೆ ಫಾಲ್ಸ್ ಹಚ್ಚಿಸಲು ಬಂದವರು ಕಾದು ಕಾದು ಎದ್ದು ಹೋಗುತ್ತಿದ್ದರು.

"ಇಷ್ಟು ಶಿಸ್ತಾಗಿ ಒಂದು ಹೆಣ್ಣು ನೋಡಿದ್ರೆ ನಿನ್ನ ಮಕ್ಕಳು ಇಷ್ಟೊತ್ತಿಗೆ ಹೈಸ್ಕೂಲಲ್ಲಿರ್ತಿದ್ವು" ಎನ್ನುತ್ತಿದ್ದಳು ಅಮ್ಮ.

"ಇರು ಅಕ್ಕ, ಮಾತಾಡಿಸಬೇಡ" ಎನ್ನುತ್ತಿದ್ದ ಮಾವ.

ಈ ಬೇಸಿಗೆಯಲ್ಲಿ ಜಡೆ ಊರಿನಿಂದ ಒಂದು ಸಂಬಂಧ ಬಂತು. ಅಂಗನವಾಡಿ ಟೀಚರ್, ವಯಸ್ಸಿಗೆ ಹೊಂದುವವರು, ಅವರೇ ಮುಂದೆ ಬಂದು ಕೇಳಿದ್ದು. ಅವರಿಗೆ ಬಿಡುವಿರುವುದು ಭಾನುವಾರ ಮಾತ್ರ. ಮಾವ ಭಾನುವಾರ ಆಗುವುದಿಲ್ಲ ಎಂದ. ಅಮ್ಮ ಮುಂದಿನ ಭಾನುವಾರ ಎಂದಳು. ಅದೂ ಆಗುವುದಿಲ್ಲ ಎಂದ. ಹೀಗೆ ನಾಲ್ಕು ಭಾನುವಾರ ಕಳೆದವು. ಕೊನೆಗೆ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದಳು.

"ನೀನು ಅವನ ಜೊತೆ ಒಂದು ಸಲ ಹೋಗಿ ಬಾ. ಕೋಲಿಗೋಸ್ಕರ ಯಾರಾದ್ರೂ ಹೆಣ್ಣು ಬಿಡ್ತಾರೇನೇ? ತಲೆ ನೆಟ್ಟಗಿದೆಯೋ ಇಲ್ವೋ ನೋಡ್ಕೊಂಡು ಬಾ."

ಶಿಕಾರಿಪುರದಲ್ಲಿ ನನಗೆ ಸೀರೆ ಕೊಳ್ಳುವುದಿದೆ ಎಂದು ಸುಳ್ಳು ಹೇಳಿ ಆ ಭಾನುವಾರ ಮಾವನ ಜೊತೆ ಬಸ್ಸು ಹತ್ತಿದೆ. ಅವನು ಆ ವಾರ ಆರಿಸಿದ್ದು ನುಣುಪು ಹಿಡಿಯ ಕೋಲು. ಅದನ್ನು ಮಲಗಿದ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದ.

ಮಹಡಿ ಹತ್ತಿ ಒಳಗೆ ಹೋದಾಗ ಎರಡು ಮೇಜುಗಳಿದ್ದವು. ಒಂದರ ಕಾಲಿನ ಕೆಳಗೆ ರಟ್ಟು ಮಡಿಸಿ ಇಟ್ಟಿತ್ತು. ಮಾವನ ಹಿಂದೆ ಸೀರೆಯ ಸೆರಗು ಕಂಡದ್ದೇ ತಡ, ಮೂಲೆಯಲ್ಲಿ ಕೂತಿದ್ದ ಪಾರ್ಲರಿನ ಮಾಲೀಕರು ಪೇಪರು ಬಿಟ್ಟು ಎದ್ದು ನಿಂತರು. ನನ್ನ ಮುಖ ನೋಡಿ ನಿಧಾನಕ್ಕೆ ಮತ್ತೆ ಕೂತರು.

"ಬರ್ರಿ ಮೇಡಂ, ಬರ್ರಿ. ಅವರ ಬಂದ್ರು ಅಂದ್ಕೊಂಡೆ."

"ಯಾರು ಬಂದ್ರು ಅಂದ್ಕೊಂಡ್ರಿ?" ಎಂದೆ. ಅವರು ಮಾವನ ಕಡೆ ನೋಡಿದರು. ಮಾವ, "ಇವಳು ನಮ್ಮಕ್ಕನ ಮಗಳು" ಎಂದಷ್ಟೇ ಹೇಳಿ ಒಳಗಿನ ಮೇಜಿಗೆ ಹೋದ.

ಆಮೇಲೆ ನಾನು ಕಂಡದ್ದನ್ನು ಹೇಗೆ ಹೇಳಲಿ? ಒಂದು ಶನಿವಾರ ಪೂರ್ತಿ ಆರಿಸಿ ತಂದ ಕೋಲನ್ನು ಮಾವ ಚೀಲದಿಂದ ತೆಗೆದ. ಮೆತ್ತನೆಯ ಬಟ್ಟೆಯಿಂದ ಒರೆಸಿದ. ತುದಿಗೆ ಚಾಕ್‌ಪೀಸ್ ಉಜ್ಜಿದ. ಮೇಜಿನ ಆಚೆ ಬದಿಗೆ, ಕಿಟಕಿಯ ಪಕ್ಕದ ಗೋಡೆಗೆ, ಜೋಪಾನವಾಗಿ ಒರಗಿಸಿದ. ಆಮೇಲೆ ಪಾರ್ಲರಿನವರ ಸ್ಟ್ಯಾಂಡಿನಿಂದ ಊರಿನವರೆಲ್ಲ ಬಳಸಿ ಸೊಟ್ಟ ಮಾಡಿದ್ದ ಕೋಲೊಂದನ್ನು, ಯಾವುದೆಂದೂ ನೋಡದೆ ಎತ್ತಿಕೊಂಡು, ಒಬ್ಬನೇ ಆಡಲು ಶುರು ಮಾಡಿದ.

ಹೇಗೂ ಬಂದಿದ್ದೇನೆ, ಜೊತೆಗೆ ಆಡಿದರಾಯಿತು ಎಂದು ನಾನು ಕಿಟಕಿಯ ಪಕ್ಕದ ಕೋಲಿಗೆ ಕೈ ಹಾಕಿದೆ.

"ಅದು ಬೇಡ ಕಣೇ" ಎಂದ ಮಾವ. ಜೋರಾಗೇನೂ ಹೇಳಲಿಲ್ಲ. "ಸ್ಟ್ಯಾಂಡಲ್ಲಿರೋದು ಯಾವುದಾದ್ರೂ ತಗೋ."

ನಾನು ಹೋಗಿ ಮಾಲೀಕರ ಪಕ್ಕ ಕೂತೆ. ಅವರು ಚಹಾ ತರಿಸಿ, ಮೆಲ್ಲನೆ ಹೇಳಿದರು. ಬ್ಯಾಂಕಿನ ಅಧಿಕಾರಿ ಮೇಡಂ ಒಬ್ಬರು ಇದೇ ಊರಿಗೆ ವರ್ಗವಾಗಿ ಬಂದಿದ್ದರಂತೆ. ಮಾವನ ವಯಸ್ಸೇ ಇರಬಹುದು, ಮದುವೆಯಾಗಿರಲಿಲ್ಲ, ವಯಸ್ಸಾದ ತಾಯಿಯ ಜೊತೆ ಇದ್ದರು. ತರಬೇತಿಗೆ ಹೋದಾಗ ಎಲ್ಲೋ ಈ ಆಟ ಕಲಿತಿದ್ದರು. ಒಂದು ಭಾನುವಾರ ಮಹಡಿ ಹತ್ತಿ ಬಂದು "ಟೇಬಲ್ ಖಾಲಿ ಇದೆಯಾ" ಎಂದು ಕೇಳಿದಾಗ ಆಡುತ್ತಿದ್ದ ಗಂಡಸರೆಲ್ಲ ನಾಚಿ ಗೋಡೆಗೆ ಅಂಟಿ ನಿಂತರಂತೆ.

"ನಿಮ್ಮ ಮಾವ ಒಬ್ಬರೇ ನೋಡ್ರಿ, ಬರ್ರಿ ಆಡೋಣ ಅಂದ್ರು. ದಿನಾ ಹೆಣ್ಮಕ್ಕಳ ಜೊತಿ ಮಾತಾಡೋ ಕೆಲಸ ಅಲ್ರಿ ಅವರದು. ಆವಾಗ ಅವರ ಹತ್ರ ಒಂದ ಸ್ಟಿಕ್ ಇತ್ತು. ಅದನ್ನ ಮೇಡಂಗೆ ಕೊಟ್ಟು, ಇವರು ನಮ್ಮ ಸೊಟ್ಟಂದು ಹಿಡ್ಕೊಂಡ್ರು. ಮೇಡಂ ಗೆದ್ರು."

"ಆಮೇಲೆ?"

"ಆಮೇಲೆ ಒಂದು ದಿನ ಮೇಡಂ, ಇದು ನನಗ ಸ್ವಲ್ಪ ಭಾರ ಅಂದ್ರು. ಮುಂದಿನ ತಿಂಗಳು ಇವರು ಹಗುರದ್ದು ತಗೊಂಡ್ಬಂದ್ರು. ಹಿಂಗ ಐದು ಆದ್ವು. ಐದೂ ತರೋರು. ಮೇಡಂ ಇವತ್ತು ಇದು, ಇವತ್ತು ಅದು ಅಂತ ನಗಾಡ್ಕೋತ ಆರಿಸೋರು. ಇವರು ಯಾವತ್ತೂ ತಾವು ಮುಟ್ಟಿಲ್ಲ."

"ಈಗೆಲ್ಲಿದಾರೆ?"

"ಬೀದರ ಕಡೆ ವರ್ಗ ಆತು. ಹೋಗೋ ದಿನ ಇಲ್ಲೇ ಬಂದು, ಒಂದು ಭಾನುವಾರ ಬರ್ತೀನಿ, ಆಟ ಬಾಕಿ ಐತಿ ಅಂದ್ರು." ಮಾಲೀಕರು ಚಹಾದ ಲೋಟ ಕೆಳಗಿಟ್ಟರು. "ಯಾವ ಭಾನುವಾರ ಅಂತ ಹೇಳಲಿಲ್ಲ."

ಮಾವ ಮೇಜಿನ ಮೇಲೆ ಬಗ್ಗಿ ಗುರಿ ನೋಡುತ್ತಿದ್ದ. ಮೆಟ್ಟಿಲಿನಲ್ಲಿ ಯಾರದೋ ಹೆಜ್ಜೆ ಕೇಳಿತು. ಅವನ ಕೋಲು ನಿಂತಿತು. ಹಾರ್ಡ್‌ವೇರ್ ಅಂಗಡಿಯವರು ಚಿಲ್ಲರೆ ಕೇಳಲು ಬಂದಿದ್ದರು. ಅವನು ಮತ್ತೆ ಬಗ್ಗಿದ. ಆ ಮಧ್ಯಾಹ್ನ ಹೀಗೆ ಎಷ್ಟು ಸಲ ನಿಂತಿತೋ, ನನಗೆ ನೋಡಲಾಗದೆ ಕೆಳಗಿಳಿದು ಹೋಗಿ, ಬೇಡದ ಸೀರೆಯೊಂದನ್ನು ಕೊಂಡು ತಂದೆ.

ವಾಪಸು ಬರುವಾಗ ಬಸ್ಸು ಶಿರಾಳಕೊಪ್ಪ ದಾಟಿತು.

"ಫೋನ್ ನಂಬರ್ ಇಲ್ವಾ ಮಾವ?" ಎಂದೆ.

"ಐತೆ."

"ಮಾಡಬಾರದಾ?"

"ಮಾಡಿ ಏನಂತ ಹೇಳ್ಲಿ? ಕೋಲು ತಂದಿದೀನಿ, ಬರ್ರಿ ಅಂತ್ಲಾ?" ಅವನು ಸ್ವಲ್ಪ ನಕ್ಕ. "ಅವರ ತಾಯಿಗೆ ಹುಷಾರಿಲ್ಲ. ಬಿಟ್ಟು ಹೆಂಗೆ ಬರ್ತಾರೆ? ಆದ್ರೆ ಬಂದ ದಿನ ನಾನಿರ್ಲಿಲ್ಲ ಅಂದ್ರೆ ಚೆನ್ನಾಗಿರಲ್ಲ."

"ಐದೂ ಯಾಕೆ ತರಲ್ಲ ಈಗ?"

"ಐದು ತಂದ್ರೆ ಆರಿಸೋರು ಬೇಕಲ್ಲ" ಎಂದ. ಸ್ವಲ್ಪ ದೂರ ಹೋದ ಮೇಲೆ ತನ್ನಷ್ಟಕ್ಕೇ ಎನ್ನುವಂತೆ ಸೇರಿಸಿದ. "ಇವತ್ತು ನಂದೇ ತಪ್ಪಾಯ್ತು. ಇಷ್ಟು ಸೆಕೆಯಲ್ಲಿ ಅವರ ಕೈ ಬೆವರ್ತದೆ. ದಾರ ಸುತ್ತಿದ್ದು ತರಬೇಕಿತ್ತು. ಬಂದಿದ್ರೆ ಕಷ್ಟ ಆಗ್ತಿತ್ತು ಅವರಿಗೆ."

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಒಲೆಯ ಮೇಲಿನ ಹಾಲು ಉಕ್ಕುವುದನ್ನೂ ಗಮನಿಸದೆ ಕೇಳಿ, ಒಲೆ ಆರಿಸಿ, ಜಡೆಯವರಿಗೆ ಫೋನ್ ಮಾಡಿದಳು. ನೀವು ಬೇರೆ ಕಡೆ ನೋಡಿಕೊಳ್ಳಿ, ನಮ್ಮ ಹುಡುಗನಿಗಾಗಿ ಕಾಯಬೇಡಿ ಎಂದಳು.

ಮುಂದಿನ ಶನಿವಾರ ಮಧ್ಯಾಹ್ನ ಮಾವ ಎಂದಿನಂತೆ ಕೋಲುಗಳನ್ನು ಮಲಗಿಸಿ ನಿಂತಿದ್ದ. ಹೊರಗೆ ಮೋಡವಾಗಿತ್ತು. ಕರಿಯದನ್ನು ಎತ್ತುವುದು, ಇಡುವುದು ನಡೆದಿತ್ತು. ಅಮ್ಮ ಪಾತ್ರೆ ತೊಳೆಯುವುದನ್ನು ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂಗಡಿಗೆ ಬಂದಳು. ಅವಳು ಅವನ ಕೈಯಿಂದ ಕರಿಯ ಕೋಲನ್ನು ತೆಗೆದುಕೊಂಡು, ಎರಡೂ ಅಂಗೈಗಳ ಮೇಲೆ ಇಟ್ಟು ತೂಗಿ ನೋಡಿದಳು.

"ಇದು ಬೇಡ ಕಣೋ" ಎಂದಳು. "ಬೀದರಿಂದ ಅಷ್ಟು ದೂರ ಬಸ್ಸಲ್ಲಿ ಕೂತು ಬಂದಿರ್ತಾಳೆ, ಕೈ ಸೋತಿರ್ತವೆ. ಹಗುರದ್ದು ತಗೊಂಡ್ ಹೋಗು."