ಮುಗಿದುಹೋದ ಸುಜಾನಿ

ಕೊಗ್ಗ: ಇಲ್ಲ, ಇಲ್ಲ, ಇಲ್ಲ! ಮೂರು ಸಲ ನೋಡಿದೆ ಮಾರಾಯ್ತಿ. ಒಂದೇ ಒಂದು ಕಡೆ ಬಾಕಿ ಬಿಟ್ಟಿಲ್ಲ. ಪೂರ್ತಿ ಮುಗಿಸಿದ್ದಾರೆ. ಮಡಚು, ವಾಪಸ್ ಕೊಟ್ಟು ಬರುವ.

ವಸಂತಿ: ಕೆಲಸ ಮುಗಿಸಿದ್ದಕ್ಕೆ ವಾಪಸ್ಸಾ? ನಿಮ್ಮ ತಲೆ ಸರಿ ಉಂಟಲ್ಲ?

ಕೊಗ್ಗ: ಮುಗಿಸಿದ್ದೇ ತಪ್ಪು. ಇದು ಡೂಪ್ಲಿಕೇಟು!

ಶುಕ್ರವಾರ ಬೆಳಿಗ್ಗೆ, ರಜೆ. ಗಲ್ಫಿನ ಬೌಷರ್ ಎಂಬ ಊರಿನ ಮೂರನೇ ಮಾಳಿಗೆಯ ಫ್ಲ್ಯಾಟೊಂದರಲ್ಲಿ ಕೊಗ್ಗ ಲುಂಗಿ ಎತ್ತಿ ಕಟ್ಟಿ, ಸೋಫಾದ ಮೇಲೆ ಹರಡಿದ ಬಟ್ಟೆಯೆದುರು ಮಂಡಿಯೂರಿ ಕೂತಿದ್ದ. ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಅಳತೆ ಟೇಪು. ರುಸೈಲಿನ ಯೂನಿಫಾರ್ಮ್ ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷದಿಂದ ಕ್ವಾಲಿಟಿ ಸೂಪರ್‌ವೈಸರ್ ಅವನು. ಗುಂಡಿಯ ನೂಲು ಚೂರು ಸಡಿಲವಾದರೂ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಬದಿಗೆಸೆಯುವ ಆಸಾಮಿ.

ಬಟ್ಟೆಯೂ ಅಂತಿಂಥ ಬಟ್ಟೆಯಲ್ಲ. ಉಜ್ಬೇಕಿಸ್ತಾನದ ಸುಜಾನಿ. ಬಿಳಿ ಹತ್ತಿಬಟ್ಟೆಯ ಮೇಲೆ ರೇಷ್ಮೆ ನೂಲಿನ ದಾಳಿಂಬೆ ಬಣ್ಣದ ಹೂಗಳು, ಒಂದೊಂದೂ ಊಟದ ತಟ್ಟೆಯಷ್ಟಗಲ, ಸುತ್ತ ಹಸಿರು ಬಳ್ಳಿ. ಅಲ್ಲಿ ಮಗಳ ಮದುವೆಗೆಂದು ತಾಯಂದಿರು ಕೈಯಾರೆ ಕಸೂತಿ ಹಾಕಿ ಕೊಡುತ್ತಾರಂತೆ, ಮನೆಯ ಗೋಡೆಗೆ ತೂಗುಹಾಕುತ್ತಾರಂತೆ. ಬುಧವಾರ ಮಾಲ್‌ನ ಮೇಳದಲ್ಲಿ ಗುಲ್ನೋರಾ ಎಂಬ ಉಜ್ಬೇಕ್ ಹೆಂಗಸಿನ ಹತ್ತಿರ ವಸಂತಿ ಕೊಂಡು ತಂದಿದ್ದಳು. ಹನ್ನೊಂದು ವರ್ಷದಿಂದ ಆ ಹಾಲ್‌ನ ಗೋಡೆಯ ಮೇಲಿದ್ದದ್ದು ಒಂದು ಎಸಿ, ಒಂದು ಕ್ಯಾಲೆಂಡರ್, ಅಷ್ಟೇ. ತನಗೆ ಇಷ್ಟವಾದದ್ದೊಂದು ಗೋಡೆ ಏರಲೇಬೇಕೆಂದು ಅವಳು ಹಟ ಹಿಡಿದದ್ದು ಇದೇ ಮೊದಲು. ಮೇಳ ಇವತ್ತು ಸಂಜೆಗೆ ಮುಗಿಯುವುದಿತ್ತು.

ವಸಂತಿ: ಡೂಪ್ಲಿಕೇಟು ಅಂತ ನಿಮಗೆ ಯಾರು ಹೇಳಿದ್ದು?

ಕೊಗ್ಗ: ಪಕ್ಕದ ಫ್ಲ್ಯಾಟಿನ ಡೀನಾ ಬಾಯಿ. ನಿನ್ನೆ ರಾತ್ರಿ ಲಿಫ್ಟ್‌ನಲ್ಲಿ ಸಿಕ್ಕಿದ್ರು. ಅವರೂ ಅದೇ ಸ್ಟಾಲ್‌ನಿಂದ ಒಂದು ತಂದಿದ್ದಾರೆ. ಅಸಲಿ ಸುಜಾನಿ ಆದ್ರೆ ಒಂದು ಮೂಲೆಯಲ್ಲಿ ಒಂದು ಹೂವೋ ಎಲೆಯೋ ಬೇಕಂತಲೇ ಬಾಕಿ ಬಿಡ್ತಾರಂತೆ. ಪೆನ್ನಿನ ಗೆರೆ ಇರ್ತದೆ, ನೂಲು ಇರುದಿಲ್ಲ. ಪೂರ್ತಿ ಮುಗಿಸಿದ್ರೆ ದೃಷ್ಟಿ ತಾಗ್ತದಂತೆ. ಅವರದ್ರಲ್ಲಿ ಉಂಟು. ನಮ್ಮದ್ರಲ್ಲಿ ಎಲ್ಲಿ ಉಂಟು? ತೋರಿಸು!

ವಸಂತಿ ಮೆಲ್ಲಗೆ ಕಣ್ಣು ತಪ್ಪಿಸಿದಳು. ಯಾಕೆಂದರೆ ತಮ್ಮದರಲ್ಲೂ ಇತ್ತು. ಎಡಗಡೆ ಕೆಳಮೂಲೆಯಲ್ಲಿ ಬರೀ ಗೆರೆಯ ಒಂದು ಹೂವು ಬೋಳುಬೋಳಾಗಿ ಕೂತಿತ್ತು. ಅಯ್ಯೋ ಪಾಪ, ಆ ಹೆಂಗಸಿಗೆ ನೂಲು ಮುಗಿದಿರಬೇಕು, ಇಲ್ಲವೇ ಮಗು ಅತ್ತಿರಬೇಕು ಎಂದುಕೊಂಡು ನಿನ್ನೆ ಗಂಡ ಡ್ಯೂಟಿಗೆ ಹೋದ ಮೇಲೆ ವಸಂತಿ ಸೂಜಿ ಹಿಡಿದು ಕೂತುಬಿಟ್ಟಿದ್ದಳು. ಅನ್ನಕ್ಕಿಟ್ಟದ್ದು ಸೀದುಹೋದರೂ ಏಳಲಿಲ್ಲ. ಈಗ ಹೇಳಿದರೆ, ಅಸಲಿ ಮಾಲು ಹಾಳು ಮಾಡಿದವಳು ಎಂದು ಈ ಮನುಷ್ಯ ಸಾಯುವವರೆಗೂ ಹಂಗಿಸುತ್ತಾನೆ. ಹೇಳದಿದ್ದರೆ ಸುಜಾನಿ ಮಧ್ಯಾಹ್ನದೊಳಗೆ ಮನೆ ಬಿಡುತ್ತದೆ.

ವಸಂತಿ: ಎಲ್ಲರೂ ಬಾಕಿ ಬಿಡ್ಬೇಕಂತ ಉಂಟಾ? ಇದನ್ನು ಮಾಡಿದವಳು ಚುರುಕಿನವಳು ಇರ್ಬಹುದು. ಮುಗಿಸಿಬಿಟ್ಟಳು.

ಕೊಗ್ಗ: ಪದ್ಧತಿ ಅಂದ್ರೆ ಪದ್ಧತಿ.

ವಸಂತಿ: ಹಾಗಾದ್ರೆ ಬೇರೆ ತಪ್ಪು ಹುಡುಕಿ ಮಾರಾಯ್ರೇ! ಕೈಕೆಲಸ ಅಲ್ವಾ, ಇದ್ದೇ ಇರ್ತದೆ. ಇಲ್ಲಿ ನೋಡಿ, ಈ ಎಲೆ ಓರೆ.

ಕೊಗ್ಗ: (ಟೇಪು ಹಿಡಿದು) ನಾಲ್ಕು ಮಿಲ್ಲಿಮೀಟರ್. ನಡೀತದೆ. ಪಾಸ್.

ವಸಂತಿ: ಈ ಹೂವು ಅದಕ್ಕಿಂತ ದೊಡ್ಡದು! ಕಣ್ಣಿಗೆ ಹೊಡೀತದೆ!

ಕೊಗ್ಗ: ಡಿಸೈನು. ಪಾಸ್.

ವಸಂತಿ: ಎರಡು ತುಂಡು ಜೋಡಿಸಿದಲ್ಲಿ ಬಳ್ಳಿಯ ತುದಿಗೆ ತುದಿ ಸೇರಲೇ ಇಲ್ಲ! ಒಂದು ಬಡಗಕ್ಕೆ, ಒಂದು ತೆಂಕಕ್ಕೆ!

ಕೊಗ್ಗ: ಒಂದೊಂದು ತುಂಡು ಒಬ್ಬೊಬ್ಬರು ಮಾಡಿದ್ರೆ ಹಾಗಾಗ್ತದೆ. ಪಾಪ, ಬಿಡು.

ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಕೊಗ್ಗ ಯಾವುದನ್ನಾದರೂ ‘ಪಾಪ, ಬಿಡು’ ಎಂದದ್ದು ವಸಂತಿ ಕೇಳಿರಲಿಲ್ಲ. ಸಾರಿಗೆ ಉಪ್ಪು ಎರಡು ಕಾಳು ಹೆಚ್ಚಾದರೆ ಹೇಳುತ್ತಾನೆ, ದೋಸೆ ದುಂಡಗಿರದಿದ್ದರೆ ಹೇಳುತ್ತಾನೆ. ಇವತ್ತು ತಪ್ಪು ಬೇಕೆಂದು ಹೆಂಡತಿ ಅಂಗಲಾಚುತ್ತಿದ್ದರೆ ಮಹಾರಾಯನಿಗೆ ಕರುಣೆ ಉಕ್ಕಿ ಹರಿಯುತ್ತಿದೆ! ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಕೊಗ್ಗ: (ತಟ್ಟನೆ) ಆಹಾ! ಸಿಕ್ಕಿತು! ಸಾಕ್ಷಿ ಸಿಕ್ಕಿತು! ಬಾ ಇಲ್ಲಿ.

ವಸಂತಿ: ಎಂತ ಸಿಕ್ಕಿತು?

ಕೊಗ್ಗ: ಈ ಕೆಳಮೂಲೆಯ ಹೂವು ನೋಡು. ಹೊಲಿಗೆ ನೋಡು, ಹೊಲಿಗೆ! ಒಂದೇ ಉದ್ದ, ಒಂದೇ ಬಿಗಿ. ಎಲ್ಲಿ ಸುರು, ಎಲ್ಲಿ ಮುಗಿದದ್ದು ಅಂತಲೇ ಗೊತ್ತಾಗುದಿಲ್ಲ. ಮನುಷ್ಯರ ಕೈಯಲ್ಲಿ ಇದು ಸಾಧ್ಯ ಉಂಟಾ? ಕಂಪ್ಯೂಟರ್ ಮೆಷಿನ್. ಬರೆದು ಕೊಡ್ತೇನೆ ನಾನು!

ವಸಂತಿಯ ಕೆನ್ನೆ ಬಿಸಿಯಾಯಿತು. ಅದು ಅವಳ ಹೂವು.

ವಸಂತಿ: (ಸೆರಗಿನ ತುದಿ ತಿರುಚುತ್ತಾ) ಅಷ್ಟು... ಅಷ್ಟು ಸಮ ಉಂಟಾ?

ಕೊಗ್ಗ: ಸಮ ಅಂದ್ರೆ? ನನ್ನ ಸರ್ವಿಸ್‌ನಲ್ಲೇ ಇಂಥದ್ದು ನೋಡ್ಲಿಲ್ಲ.

ವಸಂತಿ: ಬಾಕಿ ಹೂವಿಗಿಂತ ಚಂದವಾ?

ಕೊಗ್ಗ: ಬಾಕಿಯದ್ದು ಇದರ ಕಾಲಡಿಗೆ ಬರ್ಲಿಕ್ಕಿಲ್ಲ.

ವಸಂತಿ: ಇನ್ನೊಮ್ಮೆ ಹೇಳಿ. ಫ್ಯಾನ್ ಸೌಂಡ್‌ನಲ್ಲಿ ಸರಿ ಕೇಳ್ಲಿಲ್ಲ.

ಕೊಗ್ಗ: ಫಸ್ಟ್ ಕ್ಲಾಸ್! ಎಕ್ಸ್‌ಪೋರ್ಟ್ ಕ್ವಾಲಿಟಿ! ನೀನು ಯಾಕೆ ನಗುದು? ಮೋಸ ಹೋದದ್ದಕ್ಕೆ ನಗು ಬರ್ತದಾ? ತಡಿ, ಆ ಗುಲ್ನೋರಾಗೆ ಫೋನ್ ಮಾಡ್ತೇನೆ.

ಬಿಲ್ಲಿನಲ್ಲಿದ್ದ ನಂಬರು ಒತ್ತಿ ಅವನು ಸ್ಪೀಕರ್ ಹಾಕಿದ. ಮೇಳದ ಗದ್ದಲದ ನಡುವೆ ಗುಲ್ನೋರಾಳ ದನಿ ಬಂತು. ಗಲ್ಫಿನ ಮೇಳಗಳಲ್ಲಿ ತಿರುಗಿ ತಿರುಗಿ ಅವಳಿಗೆ ಅಷ್ಟಿಷ್ಟು ಹಿಂದಿ ಬರುತ್ತಿತ್ತು.

ಗುಲ್ನೋರಾ: ಹಲೋ, ಕೌನ್?

ಕೊಗ್ಗ: ಮೇಡಂ, ಆಪ್ ಕಾ ಸುಜಾನಿ ಹಾಥ್ ಕಾ ನಹೀಂ ಹೈ! ಕೋನೇ ವಾಲಾ ಫೂಲ್ ಮಷೀನ್ ಕಾ ಹೈ!

ಗುಲ್ನೋರಾ: ಮಷೀನ್? ತೌಬಾ! ವೋ ಮೇರಿ ಅಮ್ಮಾ ಕಾ ಕಾಮ್ ಹೈ!

ಕೊಗ್ಗ: (ವಸಂತಿಗೆ) ಅವಳ ಅಮ್ಮನ ಕೈಕೆಲಸವಂತೆ! (ಫೋನಿಗೆ) ಅಮ್ಮಾ ನಹೀಂ, ಮಷೀನ್! ಮೈಂ ಕ್ವಾಲಿಟಿ ವಾಲಾ ಹೂಂ!

ವಸಂತಿ ತಡೆದುಕೊಳ್ಳಲು ನೋಡಿದಳು, ನಿಜವಾಗಿಯೂ ನೋಡಿದಳು. ಸುಮ್ಮನಿದ್ದರೆ ಮಾನವಾದರೂ ಉಳಿಯುತ್ತಿತ್ತು. ಆದರೆ ಸೊಂಟ ನೋಯಿಸಿಕೊಂಡು, ಅನ್ನ ಸೀಯಿಸಿಕೊಂಡು ತಾನು ಅರಳಿಸಿದ ಹೂವಿನ ಹೆಸರು ಯಾವುದೋ ಮೆಷಿನ್ನಿಗೆ ಹೋಗುವುದನ್ನು ಕಿವಿಯಾರೆ ಕೇಳಿ ಯಾರು ತಡೆದುಕೊಳ್ಳುತ್ತಾರೆ?

ವಸಂತಿ: ಮೆಷಿನ್ ಅಲ್ಲ! ನಾನು! ಆ ಹೂವು ನಾನು ಹೊಲಿದದ್ದು! ನಿನ್ನೆ, ಈ ಸೋಫಾದಲ್ಲೇ ಕೂತು! ಅವರು ಬಾಕಿ ಬಿಟ್ಟದ್ದನ್ನು ನಾನು ಮುಗಿಸಿದ್ದು. ಈಗ ಬೈಯಿರಿ!

ಕೊಗ್ಗ ‘ಸಾರಿ ಮೇಡಂ, ಅಮ್ಮಾ ಕೋ ಸಲಾಂ’ ಎಂದು ಗೊಣಗಿ ಫೋನಿಟ್ಟ. ಹೆಂಡತಿಯನ್ನು ನೋಡಿದ. ಹೂವನ್ನು ನೋಡಿದ. ಮತ್ತೆ ಹೆಂಡತಿಯನ್ನು ನೋಡಿದ.

ಕೊಗ್ಗ: ನೀನಾ?

ವಸಂತಿ: ನಾನೇ.

ಅವನು ಭೂತಗನ್ನಡಿಯನ್ನು ಲುಂಗಿಯಲ್ಲಿ ಒರೆಸಿ, ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿದ.

ಕೊಗ್ಗ: ಹಾಂ... ಇಲ್ಲಿ ಒಂದು ಎಳೆ ಸಡಿಲ ಉಂಟು.

ವಸಂತಿ: ಎಂತ?

ಕೊಗ್ಗ: ಈ ಎಸಳು ಸ್ವಲ್ಪ ದಪ್ಪ. ನೂಲಿನ ಬಣ್ಣವೂ ಒಂದು ಶೇಡ್ ಕಡು. ಹಿಂದೆ ಗಂಟು ಕಾಣ್ತದೆ. ನಾನು ಮೊದಲೇ ಅಂದುಕೊಂಡೆ.

ವಸಂತಿ: ಮೊದಲೇ? ಈಗ ತಾನೇ ಎಕ್ಸ್‌ಪೋರ್ಟ್ ಕ್ವಾಲಿಟಿ ಅಂದ ಬಾಯಿ ಯಾರದ್ದು?

ಕೊಗ್ಗ: ಅದು ಮೆಷಿನ್ ಅಂತ ತಿಳಿದು ಹೇಳಿದ್ದು.

ವಸಂತಿ ಸೊಂಟಕ್ಕೆ ಕೈಯಿಟ್ಟಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬದಲಿಗೆ ಮುಖ ಅಗಲವಾಗಿ ಅರಳಿತು.

ವಸಂತಿ: ಎಷ್ಟು ತಪ್ಪು ಆಯ್ತು ಒಟ್ಟು?

ಕೊಗ್ಗ: ನಾಲ್ಕು. ಐದೂ ಆಗ್ಬಹುದು.

ವಸಂತಿ: ಖಲಾಸ್! ಐದು ತಪ್ಪು ಇದ್ದ ಮೇಲೆ ಅದು ಕೈಯಲ್ಲೇ ಮಾಡಿದ್ದು ಅಂತ ನೀವೇ ಸರ್ಟಿಫಿಕೇಟ್ ಕೊಟ್ಟ ಹಾಗಾಯ್ತು. ಯಲ್ಲಾ, ಏಳಿ ಬೇಗ, ಮೊಳೆ ಹೊಡೀರಿ.

ಕೊಗ್ಗ ಸ್ಟೂಲ್ ಹತ್ತಿ, ಟೇಪು ಹಿಡಿದು, ನೆಲದಿಂದ ಅಳೆದು ಎರಡು ಮೊಳೆ ಹೊಡೆದ. ಸುಜಾನಿ ಗೋಡೆಯೇರಿತು. ಹಾಲ್‌ಗೆ ಹಾಲೇ ಕೆಂಪಗೆ ಬೆಳಗಿತು.

ಕೊಗ್ಗ: ಆದ್ರೂ ವಸಂತಿ... ಆ ದೃಷ್ಟಿಯ ವಿಷಯ? ಏನಾದ್ರೂ ಒಂದು ಬಾಕಿ ಇರ್ಬೇಕಿತ್ತಲ್ಲ?

ವಸಂತಿ: ಉಂಟಲ್ಲ ಬಾಕಿ. ನಾನೇ ಮಾಡಿದ್ದು ಅಂತ ಗೊತ್ತಿದ್ದೂ, ನನ್ನ ಮುಖ ನೋಡಿ, ‘ಚಂದ ಮಾಡಿದ್ದೀ’ ಅಂತ ನೀವು ಹೇಳುದು. ಇಪ್ಪತ್ತಮೂರು ವರ್ಷದಿಂದ ಬಾಕಿ.

ಕೊಗ್ಗ ಸ್ಟೂಲಿನಿಂದಿಳಿದ. ತಲೆ ಕೆರೆದುಕೊಂಡ. ಗಂಟಲು ಸರಿಮಾಡಿಕೊಂಡು ಅವಳ ಮುಖವನ್ನೇ ನೋಡುತ್ತಾ ‘ಚಂ...’ ಎಂದು ಬಾಯಿ ತೆರೆದ.

ವಸಂತಿ: (ಓಡಿಬಂದು ಅವನ ಬಾಯಿಗೆ ಕೈ ಅಡ್ಡ ಇಟ್ಟು) ಅಯ್ಯೋ, ಅರ್ಧಕ್ಕೇ ನಿಲ್ಲಿಸಿ ಮಾರಾಯ್ರೇ! ಮುಗಿಸಿದ್ರೆ ದೃಷ್ಟಿ ತಾಗ್ತದೆ!